ಕೊರಿಯಾದ ಅಜ್ಜಿಯರ ನಡುವೆ ನಮ್ಮತ್ತೆ

ಹುಣಸಮಾರನಹಳ್ಳಿ

ಅತ್ತೆಯನ್ನು ಕೊರಿಯಾಕ್ಕೆ ಯಾಕೆ ಕರೆದುಕೊಂಡು ಹೋಗ್ತಿದ್ದೀಯ ಎಂದು ಕೇಳಿದವರಿಗೆಲ್ಲ ನಾನು ‘ಮೊಮ್ಮಗಳನ್ನು ನೋಡೋಕೆ’ ಅನ್ನುತ್ತಿದ್ದೆ. ಅದು ಅರ್ಧ ನಿಜ. ದಸರಾ ರಜೆಯ ಎರಡು ವಾರ ಅವರನ್ನು ಬೇರೆಯವರಿಗೆ ಒಪ್ಪಿಸಿ ಹೋಗುವ ಧೈರ್ಯ ನನಗಿರಲಿಲ್ಲ ಅನ್ನುವುದು ಇನ್ನರ್ಧ. ನಾನು ಯಲಹಂಕದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆಯಲ್ಲೂ ಬೆತ್ತ ಹಿಡಿದೇ ಓಡಾಡುತ್ತೇನೆ ಅನ್ನುವುದು ನಮ್ಮ ಯಜಮಾನರ ದೂರು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಯಿತು, ಈಗ ಆ ದೂರಿಗೆ ಜೀವವಿಲ್ಲ.

ಅತ್ತೆಗೆ ಎಪ್ಪತ್ತಾರು. ಹೆಸರು ಮುನಿಲಕ್ಷ್ಮಮ್ಮ. ನಲವತ್ತು ವರ್ಷ ಸೊಪ್ಪು ಬೆಳೆದವರು, ಎಮ್ಮೆ ಹಸು ಕಟ್ಟಿದವರು. ಆಮೇಲೆ ವಿಮಾನ ನಿಲ್ದಾಣ ಬಂತು, ಹೊಲ ಹೋಯಿತು, ಮೂರು ಮಹಡಿ ಮನೆ ಎದ್ದಿತು, ಮನೆಯೊಳಗೆ ಲಿಫ್ಟೂ ಬಂತು. ನಾನು ಮದುವೆಯಾಗಿ ಬಂದಾಗ ಬೆಳಗಿನ ಹೊತ್ತು ಅವರ ಜೊತೆ ಹೆಜ್ಜೆ ಹಾಕಲು ನನಗೆ ಓಡಬೇಕಾಗುತ್ತಿತ್ತು.

ಅವರ ಕೈಯಿಂದ ಒಂದೊಂದೇ ಕೆಲಸ ಬಿಡಿಸಿಕೊಂಡವಳು ನಾನೇ. ಮೊದಲು ಪೊರಕೆ, ಆಮೇಲೆ ಒಲೆ, ಆಮೇಲೆ ಬಟ್ಟೆ. ನಮ್ಮ ಕಡೆ ಒಳ್ಳೆ ಸೊಸೆ ಅನ್ನಿಸಿಕೊಳ್ಳಬೇಕಾದರೆ ಯಾರು ಯಾವಾಗ ಬಾಗಿಲು ತಳ್ಳಿ ಬಂದರೂ ಅತ್ತೆ ಕೂತಿರಬೇಕು, ಸೊಸೆ ನಿಂತಿರಬೇಕು. ಅದರಲ್ಲೂ ನನಗೆ ಭಯ ದಾಸರಹಳ್ಳಿ ಚಿಕ್ಕತ್ತೆಯದು. ಅವರು ಅತ್ತೆಯ ತಂಗಿ, ಬಾಯಿ ಸ್ವಲ್ಪ ಜೋರು. ಒಂದು ಸಲ ಬಂದಾಗ ಅತ್ತೆ ಪಡಸಾಲೆಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಮುಂದಿನ ವಾರ ಹೆಸರಘಟ್ಟದ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ಯಾರೋ ನನ್ನನ್ನೇ ಕೇಳಿದರು, ‘ಏನಮ್ಮ, ಮೇಡಂ ಆದ್ಮೇಲೆ ಅತ್ತೆ ಕೈಲಿ ದುಡಿಸ್ತೀಯಂತೆ?’ ಅಂದು ಸಂಜೆಯೇ ಸೊಪ್ಪನ್ನೂ ಕಿತ್ತುಕೊಂಡೆ. ‘ನಮ್ಮತ್ತೆ ಒಂದು ಲೋಟ ಎತ್ತಿ ಇಡಲ್ಲ’ ಎಂದು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು.

ಈ ಆಷಾಢದಲ್ಲಿ ಅವರು ಬಚ್ಚಲಲ್ಲಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ನಡಿಗೆ ಕುಂದಿತು. ಡಾಕ್ಟರು ಎರಡು ಮಾತು ಹೇಳಿದರು: ‘ಹುಷಾರಾಗಿ ನೋಡ್ಕೊಳ್ಳಿ. ದಿನಾ ನಡೆಸಿ.’ ನಾವು ಮೊದಲನೆಯದನ್ನು ಮಾತ್ರ ಮನೆಗೆ ತಂದೆವು. ಮೈದುನ ಎರಡೂ ಕಡೆ ಸರಳಿರುವ ಆಸ್ಪತ್ರೆ ಮಂಚ ನೋಡಿಟ್ಟ, ಇಡೀ ದಿನ ಇರುವ ಆಯಾಳನ್ನೂ ಗೊತ್ತುಮಾಡಿದ. ನಾವು ಕೊರಿಯಾದಿಂದ ಬಂದ ಮೇಲೆ ಅತ್ತೆ ಕೆಳಗಿನ ಕೋಣೆಗೆ ಹೋಗುವುದು, ಅಲ್ಲೇ ಊಟ, ಅಲ್ಲೇ ಎಲ್ಲ ಎಂದು ತೀರ್ಮಾನವಾಯಿತು. ಅತ್ತೆ ‘ಆಗ್ಲಿ ಬಿಡಪ್ಪ’ ಅಂದರು. ಅವರು ಅಷ್ಟು ಬೇಗ ಒಪ್ಪಿದ್ದು ನನಗೆ ಸಮಾಧಾನ ತಂದಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಎದ್ದು ಓಡಾಡುವ ಅಪ್ಪ ಅಮ್ಮನಿಗೂ ಟಿಕೆಟಿನ ಜೊತೆ ವೀಲ್‌ಚೇರ್ ಬರೆಸುವುದು ನಮ್ಮೂರಿನ ಪದ್ಧತಿ. ಸಾಲು ತಪ್ಪುತ್ತದೆ, ದಾರಿ ತಪ್ಪುವುದಿಲ್ಲ. ನಾನೂ ಬರೆಸಿದ್ದೆ. ನಿಲ್ದಾಣದಲ್ಲಿ ಕುರ್ಚಿ ತಳ್ಳಲು ಬಂದವನು ನಮ್ಮ ಪಕ್ಕದ ಬೆಟ್ಟಹಲಸೂರಿನವನು. ಅತ್ತೆಯ ಮುಖ ನೋಡಿದವನೇ ನಿಂತುಬಿಟ್ಟ.

‘ಅಯ್ಯೋ ಲಕ್ಷ್ಮಕ್ಕ! ಏನಾಯ್ತಕ್ಕ ಕಾಲ್ಗೆ?’

‘ಏನೂ ಆಗಿಲ್ಲ ಕಣಪ್ಪ. ನಮ್ ಸೊಸೆ ಕೂರ್ಸವ್ಳೆ, ಕುಂತಿವ್ನಿ.’

‘ಸೊಪ್ಪಿನ್ ಕುಕ್ಕೆ ಒತ್ಕೊಂಡು ಯಲಹಂಕಕ್ಕೆ ನಡ್ಕೊಂಡೋಗ್ತಿದ್ರಲ್ಲಕ್ಕ ನೀವು. ನಮ್ಮವ್ವ ನಿಮ್ ಇಂದೆ ಬರಕ್ಕಾಗಲ್ಲ ಅಂತ ಬೈಯೋಳು.’

ಅತ್ತೆ ನಕ್ಕರು. ನಾನು ಪಾಸ್‌ಪೋರ್ಟು ಹುಡುಕುವವಳಂತೆ ಬ್ಯಾಗಿನೊಳಗೆ ತಲೆ ಹಾಕಿದೆ.

ಇಂಚಾನ್‌ನಿಂದ ಜೋಂಜು

ಇಂಚಾನ್ ನಿಲ್ದಾಣದಲ್ಲೂ ಅತ್ತೆಯ ಹೆಸರು ಹಿಡಿದು ವೀಲ್‌ಚೇರ್ ಕಾಯುತ್ತಿತ್ತು. ಸೂಟ್‌ಕೇಸಿಗೆ ಕಾಯುವಾಗ ಪಕ್ಕದಲ್ಲಿ ಒಬ್ಬ ಅಜ್ಜಿ ಬಂದು ನಿಂತಳು. ಗುಂಗುರು ಮಾಡಿಸಿದ ಗಿಡ್ಡ ಕೂದಲು, ಬೆನ್ನಿಗೊಂದು ಚೀಲ, ವಯಸ್ಸು ಎಂಬತ್ತಕ್ಕೆ ಕಡಿಮೆಯಿಲ್ಲ. ಅವಳು ಬಗ್ಗಿ ಅತ್ತೆಯ ಮಂಡಿ ಸವರಿ, ಏನೋ ಮೆಲ್ಲಗೆ ಹೇಳಿ, ಅಂಗೈಯಲ್ಲಿ ಎರಡು ಪೆಪ್ಪರಮೆಂಟು ಇಟ್ಟಳು. ಆಮೇಲೆ ತನ್ನ ಪೆಟ್ಟಿಗೆಯನ್ನು ಓಡುವ ಪಟ್ಟಿಯಿಂದ ತಾನೇ ಎಳೆದುಕೊಂಡು ಹೊರಟುಹೋದಳು.

‘ಏನಂದ್ಲಮ್ಮಿ?’

‘ಗೊತ್ತಿಲ್ಲ ಅತ್ತೆ.’

‘ಪಾಪ ಅಂದ್ಲು ಕಣಮ್ಮಿ. ಅದುಕ್ಕೆ ಯಾವ್ ಭಾಷೆ ಆದ್ರೇನು.’

ಪೆಪ್ಪರಮೆಂಟನ್ನು ಅವರು ತಿನ್ನಲಿಲ್ಲ. ನನಗೂ ಕೊಡಲಿಲ್ಲ.

ಮಗಳು ಚೈತ್ರ ಹೊರಗೆ ಕಾಯುತ್ತಿದ್ದಳು. ಅವಳಿರುವುದು ಜೋಂಜು ಎಂಬ ಊರಿನಲ್ಲಿ, ಬಸ್ಸಿನಲ್ಲಿ ನಾಲ್ಕು ಗಂಟೆ ದೂರ. ಫಿಸಿಯೋಥೆರಪಿ ಓದಿದವಳು ಈಗ ಬೇರೆ ಬೇರೆ ದೇಶದ ಮುದುಕರು ಹೇಗೆ ಏಳುತ್ತಾರೆ, ಹೇಗೆ ನಡೆಯುತ್ತಾರೆ ಎಂದು ಹೋಲಿಸಿ ನೋಡುವ ಸಂಶೋಧನೆ ಮಾಡುತ್ತಿದ್ದಾಳೆ. ಊರಿನಲ್ಲಿ ಯಾರಾದರೂ ಕೇಳಿದರೆ ನಮ್ಮ ಯಜಮಾನರು ‘ಡಾಕ್ಟರ್ ಓದ್ತಾವ್ಳೆ’ ಅಂದು ಮುಗಿಸುತ್ತಾರೆ. ಮುದುಕರು ಕುರ್ಚಿಯಿಂದ ಏಳುವುದನ್ನು ನೋಡಲು ಅಷ್ಟು ದೂರ ಹೋಗಬೇಕೇ ಅನ್ನುವುದು ಅವರ ಒಳಗಿನ ಪ್ರಶ್ನೆ.

ದಾರಿಯಲ್ಲಿ ಬಸ್ಸು ಕಾಫಿಗೆ ನಿಂತಿತು. ಪಕ್ಕದ ಬಸ್ಸಿನಿಂದ ಮುದುಕರು ಇಳಿಯುತ್ತಿದ್ದರು. ಗುಲಾಬಿ, ನೇರಳೆ, ಗಿಣಿ ಹಸಿರು ಜಾಕೆಟ್ಟುಗಳು, ಕೈಯಲ್ಲಿ ಎರಡೆರಡು ಕೋಲು, ದೊಡ್ಡ ಗದ್ದಲ. ಎಲ್ಲಿಗೆ ಎಂದರೆ ಬೆಟ್ಟ ಹತ್ತಲು, ಚಳಿಗಾಲಕ್ಕೆ ಮುಂಚೆ ಮರದ ಎಲೆಯೆಲ್ಲ ಕೆಂಪಾಗಿದೆಯಂತೆ, ಅದನ್ನು ನೋಡಲು. ನಮ್ಮಲ್ಲಿ ಈ ವಯಸ್ಸಿನವರು ಶಿವಗಂಗೆ ಹತ್ತಬೇಕಾದರೆ ಹರಕೆಯಾದರೂ ಇರಬೇಕು. ಇವರು ಎಲೆಗಾಗಿ ಹತ್ತುತ್ತಾರೆ.

ನಾನು ಬಾಯಿ ಬಿಟ್ಟು ನೋಡುತ್ತಿದ್ದುದು ಚೈತ್ರಳ ಕಣ್ಣಿಗೆ ಬಿದ್ದಿರಬೇಕು. ಜೋಂಜುವಿನಲ್ಲಿ ಇಳಿದ ಮೇಲೆ ಅವಳು ರಸ್ತೆಯ ಆಚೆ ಬದಿ ತೋರಿಸಿದಳು. ಒಬ್ಬ ಮುದುಕ ನೆಲಕ್ಕೆ ಬಾಗಿ ಗುಜರಿಗೆ ಮಾರಲು ರಟ್ಟಿನ ಪೆಟ್ಟಿಗೆಗಳನ್ನು ಚಪ್ಪಟೆ ಮಾಡಿ ತಳ್ಳುಗಾಡಿಗೆ ಒಟ್ಟುತ್ತಿದ್ದ. ಗಾಡಿ ಅವನ ಎರಡರಷ್ಟು ಎತ್ತರವಿತ್ತು.

‘ಅದನ್ನೂ ನೋಡ್ಕೋ ಅಮ್ಮ. ಆಮೇಲೆ ಊರಿಗ್ ಹೋಗಿ ಕೊರಿಯಾ ಸ್ವರ್ಗ ಅಂತ ಶುರು ಮಾಡ್ಬೇಡ.’

ಮಗಳ ಲ್ಯಾಬು

ಲ್ಯಾಬು ಅಂದರೆ ನಾನು ಸೀಸೆ, ಕೊಳವೆ ಎಂದೆಲ್ಲ ಊಹಿಸಿದ್ದೆ. ಅಲ್ಲಿದ್ದದ್ದು ಗೋಡೆಗೆ ಒರಗಿಸಿದ ಒಂದು ಕುರ್ಚಿ, ನೆಲಕ್ಕೆ ಅಂಟಿಸಿದ ಒಂದು ಪಟ್ಟಿ, ಮುಷ್ಟಿಯ ಬಲ ಅಳೆಯುವ ಒಂದು ಹಿಡಿ. ಮಧ್ಯಾಹ್ನದ ಊಟಕ್ಕೆ ಚೈತ್ರಳ ಜೊತೆಯವರು ಸೇರಿದರು. ನಾರ್ವೆಯ ಒಬ್ಬ ಹುಡುಗ, ಪೆರು ದೇಶದ ಒಬ್ಬ ಹುಡುಗಿ. ಮಾತು ಅಜ್ಜಿಯರ ಮೇಲೆಯೇ ಹೊರಳಿತು. ನಾರ್ವೆಯವನ ಅಜ್ಜಿ ಚಳಿಗಾಲದಲ್ಲಿ ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು ಮಂಜಿನ ಮೇಲೆ ನಡೆದು ಲೈಬ್ರರಿಗೆ ಹೋಗುತ್ತಾಳಂತೆ, ಆದರೆ ಎಷ್ಟೋ ದಿನ ಅವಳು ಮಾತಾಡುವುದು ರೇಡಿಯೋ ಜೊತೆ ಮಾತ್ರ. ಪೆರುವಿನವಳ ಅಜ್ಜಿ ಬೆಟ್ಟದ ಊರಿನಿಂದ ಆಲೂಗಡ್ಡೆ ಹೊತ್ತು ಸಂತೆಗೆ ಇಳಿಯುತ್ತಾಳೆ, ಹಲ್ಲು ನೋವು ಬಂದರೆ ಡಾಕ್ಟರಿಗೆ ಒಂದು ದಿನದ ದಾರಿ.

‘ನಿಮ್ಮ ಅಜ್ಜಿ?’ ಎಂದು ಅವರು ಅತ್ತೆಯ ಕಡೆ ನೋಡಿದರು.

‘ನಮ್ಮಜ್ಜಿಗೆ ಮನೆ ತುಂಬ ಜನ, ಮನೆ ಹತ್ರಾನೇ ಡಾಕ್ಟ್ರು,’ ಅಂದಳು ಚೈತ್ರ. ಮುಂದೆ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಅನ್ನ ತಿಂದಳು.

ಊಟವಾದ ಮೇಲೆ ಅತ್ತೆಗೇ ಉತ್ಸಾಹ ಬಂತು. ‘ನಂಗೂ ಅದೇನೋ ಪರೀಕ್ಸೆ ಮಾಡಮ್ಮಿ, ಇಲ್ಲಿನ್ ಅಜ್ಜೀರ್ಗೆಲ್ಲ ಮಾಡ್ತೀಯಲ್ಲ.’

ಮೊದಲು ಮುಷ್ಟಿ. ಅತ್ತೆ ಹಿಡಿಯನ್ನು ಒತ್ತಿದರು. ನಾರ್ವೆಯ ಹುಡುಗ ಅಂಕಿ ನೋಡಿ ಹುಬ್ಬೇರಿಸಿದ. ನಾನೂ ಒತ್ತಿದೆ, ನನ್ನದು ಅತ್ತೆಗಿಂತ ಕಡಿಮೆ ಬಂತು. ‘ಆಲ್ ಕರೆದಿರೋ ಕೈ ಕಣಪ್ಪ,’ ಎಂದು ಅತ್ತೆ ಅವನಿಗೆ ಕನ್ನಡದಲ್ಲೇ ವಿವರಿಸಿದರು.

ಆಮೇಲೆ ಕುರ್ಚಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಬೇಕು, ಎಲ್ಲೂ ಊರದೆ ಏಳಬೇಕು, ಕೂರಬೇಕು, ಅರ್ಧ ನಿಮಿಷದಲ್ಲಿ ಎಷ್ಟು ಸಲ ಎನ್ನುವುದು ಲೆಕ್ಕ. ಅತ್ತೆ ಕೈ ಕಟ್ಟಿಕೊಂಡು ಮುಂದಕ್ಕೆ ಬಾಗಿದರು. ಮೈ ಏಳಲಿಲ್ಲ. ಮತ್ತೆ ಬಾಗಿದರು. ಅಷ್ಟರಲ್ಲಿ ಚೈತ್ರ ಕೂಗಿದಳು, ‘ಅಮ್ಮಾ, ಕೈ!’

ನೋಡಿದರೆ ನನ್ನ ಕೈ ಅತ್ತೆಯ ಕಂಕುಳ ಕೆಳಗೆ ಇತ್ತು. ಯಾವಾಗ ಹೋಯಿತೋ ನನಗೇ ಗೊತ್ತಿಲ್ಲ. ಎರಡನೆಯ ಸಲವೂ ಹೀಗೇ ಆಯಿತು. ಮೂರನೆಯ ಸಲ ಚೈತ್ರ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ನಾನು ಗಾಜಿನಲ್ಲಿ ಹಣೆ ಇಟ್ಟು ನೋಡಿದೆ. ಅತ್ತೆ ಬಾಗುತ್ತಿದ್ದರು, ಹಿಂದಕ್ಕೆ ಬೀಳುತ್ತಿದ್ದರು, ಬಾಗುತ್ತಿದ್ದರು. ಚೈತ್ರ ಗಡಿಯಾರ ನಿಲ್ಲಿಸಿ ಹಾಳೆಯಲ್ಲಿ ಏನೋ ಬರೆದಳು.

‘ಎಷ್ಟ್ ಬಂತು?’ ಅತ್ತೆ ಕೇಳಿದರು.

‘ಇವತ್ತಿಗೆ ಸೊನ್ನೆ ಅಜ್ಜಿ. ಇವತ್ತಿಗೆ ಅಷ್ಟೆ.’

ನಾನು ಎಷ್ಟೋ ಮಕ್ಕಳಿಗೆ ಸೊನ್ನೆ ಹಾಕಿದ್ದೇನೆ. ಆದರೆ ಆ ಸೊನ್ನೆ ನನ್ನ ಉತ್ತರಪತ್ರಿಕೆಗೆ ಬಿದ್ದದ್ದು ಎಂದು ನನಗೆ ಆಗಲೇ ಗೊತ್ತಾಯಿತು. ಅದಕ್ಕೇ ಮಗಳ ರೂಮಿಗೆ ಬಂದವಳೇ ಅವಳ ಮೇಲೆ ಹರಿಹಾಯ್ದೆ.

‘ಅಂದ್ರೆ ನಾನ್ ನೋಡ್ಕೊಂಡಿದ್ದೇ ತಪ್ಪು ಅಂತೀಯಾ?’

‘ನೀನೊಬ್ಳೇ ಅಲ್ಲಮ್ಮ, ನಾವೆಲ್ಲ. ಅಜ್ಜಿ ಕಾಲಿಗೆ ದೊಡ್ ಕಾಯಿಲೆ ಏನಿಲ್ಲ, ಕೆಲಸ ಇಲ್ಲ. ಈ ವಯಸ್ಸಲ್ಲೂ ಶಕ್ತಿ ವಾಪಸ್ ಬರುತ್ತೆ. ಪೂರ್ತಿ ಬರುತ್ತೋ ಇಲ್ವೋ, ಹೇಳಕ್ಕಾಗಲ್ಲ. ಆದ್ರೆ ಆ ಸರಳಿನ ಮಂಚದ ಮೇಲೆ ಮಲಗಿಸಿದ್ರೆ ಬರಲ್ಲ. ಅದನ್ನ ಮಾತ್ರ ಖಂಡಿತ ಹೇಳ್ತೀನಿ.’

ಅತ್ತೆ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದರು. ಅವರ ಕಿವಿ ಚೆನ್ನಾಗಿದೆ.

ಹಿರಿಯರ ಮನೆ

ಅಲ್ಲಿನ ಪ್ರತಿ ಹಳ್ಳಿಯಲ್ಲೂ ವಯಸ್ಸಾದವರು ಹಗಲು ಸೇರಲು ಒಂದು ಮನೆಯಿದೆ. ನಮ್ಮೂರಿನ ಅರಳಿಕಟ್ಟೆಗೆ ಗೋಡೆ, ಅಡುಗೆಮನೆ ಕಟ್ಟಿಸಿ ಹೆಂಗಸರ ಕೈಗೆ ಬೀಗ ಕೊಟ್ಟ ಹಾಗೆ. ಚೈತ್ರ ಅಳತೆಗೆ ಹೋಗುವ ಹಳ್ಳಿಯೊಂದಕ್ಕೆ ಮರುದಿನ ನಾವೂ ಹೋದೆವು. ದಾರಿಯ ಬದಿಯಲ್ಲಿ ಭತ್ತ ಹರವಿದ್ದರು. ನಮ್ಮ ಕಡೆ ರಾಗಿ ತೆನೆಯನ್ನು ರಸ್ತೆಗೆ ಹಾಕುವುದು ನೆನಪಾಗಿ ಅತ್ತೆ ಕಾರಿನಲ್ಲೇ ಹುರುಪಾದರು. ‘ಇವ್ರೂ ನಮ್ಮಂಗೇಯ!’

ಒಳಗೆ ಹತ್ತು ಹನ್ನೆರಡು ಅಜ್ಜಿಯರು. ಎಲ್ಲರಿಗೂ ಒಂದೇ ತರಹದ ಗುಂಗುರು ಕೂದಲು, ಹೂವಿನ ಸಡಿಲ ಪೈಜಾಮ. ‘ಎಲ್ಲಾ ಅಕ್ಕ ತಂಗೀರಾ?’ ಎಂದು ಅತ್ತೆ ಪಿಸುಗುಟ್ಟಿದರು. ಅರ್ಧಕ್ಕರ್ಧ ಜನರ ಬೆನ್ನು ಗದ್ದೆ ಕೆಲಸದಿಂದ ಬಾಗಿಹೋಗಿತ್ತು. ಬಾಗಿಲ ಹೊರಗೆ ಅವರ ತಳ್ಳುಗಾಡಿಗಳು ನಿಂತಿದ್ದವು, ಮಕ್ಕಳ ಗಾಡಿಯಂಥವು. ಅವನ್ನು ಹಿಡಿದುಕೊಂಡೇ ನಡೆದು ಬರುತ್ತಾರೆ. ನೆಲವನ್ನು ಅಡಿಯಿಂದ ಬಿಸಿ ಮಾಡಿದ್ದರು, ಎಲ್ಲರೂ ನೆಲದ ಮೇಲೇ. ನಾನೂ ಚೈತ್ರಳೂ ಆ ಕಡೆ ಈ ಕಡೆ ಹಿಡಿದು ಅತ್ತೆಯನ್ನು ಇಳಿಸಿದೆವು.

ಮೊದಲ ಪ್ರಶ್ನೆಯೇ ವಯಸ್ಸು. ನಮ್ಮೂರಿನ ಹಾಗೇ, ಸಂಕೋಚವಿಲ್ಲ. ಚೈತ್ರ ಎಪ್ಪತ್ತಾರು ಎಂದಳು. ಅತ್ತೆ ತಿದ್ದಿದರು, ‘ಅದು ತುಂಬಿ ಎಪ್ಪತ್ತೇಳು ನಡೀತೈತೆ ಅನ್ನಮ್ಮಿ.’ ಅದನ್ನು ಕೇಳಿ ಅಜ್ಜಿಯರಿಗೆ ಬಹಳ ಖುಷಿಯಾಯಿತು. ಅವರೂ ನಡೆಯುವ ವರ್ಷವನ್ನೇ ಲೆಕ್ಕ ಹಿಡಿಯುವವರು. ಸುಂಜಾ ಎಂಬ ಅಜ್ಜಿ, ಎಂಬತ್ತಮೂರು ನಡೆಯುತ್ತಿರುವವಳು, ‘ಹಾಗಾದರೆ ನೀನು ನನ್ನ ತಂಗಿ’ ಎಂದು ಘೋಷಿಸಿ ಅತ್ತೆಯ ಮುಂದೆ ಒಂದು ಬುಟ್ಟಿ ಗೆಣಸಿನ ಬಳ್ಳಿಯ ದಂಟು ಸುರಿದಳು. ಅದರ ನಾರು ಸುಲಿದು ಪಲ್ಯ ಮಾಡುತ್ತಾರೆ. ಅಲ್ಲಿ ಕೂತವರೆಲ್ಲರ ಕೈಯಲ್ಲೂ ಒಂದೊಂದು ಕೆಲಸ, ನೆಂಟರು ಎಂದು ರಿಯಾಯಿತಿ ಇಲ್ಲ.

ನಾನು ಅಭ್ಯಾಸ ಬಲದಿಂದ ಬುಟ್ಟಿಯನ್ನು ನನ್ನ ಕಡೆ ಎಳೆದುಕೊಂಡೆ. ಸುಂಜಾ ಅಜ್ಜಿ ನನ್ನ ಕೈಗೆ ಫಟ್ಟನೆ ಒಂದು ಏಟು ಕೊಟ್ಟಳು. ಐವತ್ತೆರಡು ವರ್ಷದ ನಾನು, ಮೂವತ್ತು ಮಕ್ಕಳನ್ನು ಕಣ್ಣಲ್ಲೇ ಕೂರಿಸುವವಳು, ಕೈ ಹಿಂದಕ್ಕೆ ತೆಗೆದುಕೊಂಡೆ. ಅಜ್ಜಿಯರೆಲ್ಲ ನಕ್ಕರು, ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ದಂಟಿನ ತುದಿ ಮುರಿದು ನಾರೆಳೆದರು. ಎರಡನೆಯದಕ್ಕೆ ಕೈ ಹೊಂದಿಕೊಂಡಿತು, ಹತ್ತನೆಯದಕ್ಕೆ ಪಕ್ಕದವಳನ್ನು ಹಿಂದೆ ಹಾಕಿದರು. ಮಾತು ಬಾರದ ಇಬ್ಬರು ಹೆಂಗಸರು ದಂಟು ಸುಲಿಯುತ್ತ ಎರಡು ಗಂಟೆ ಹೇಗೆ ಹರಟೆ ಹೊಡೆದರೋ ನನಗೆ ತಿಳಿಯದು, ಆದರೆ ಹೊಡೆದರು.

ಊಟದ ಹೊತ್ತಿಗೆ ನಾನು ಚೈತ್ರಳ ಮೂಲಕ ಸುಂಜಾ ಅಜ್ಜಿಯನ್ನು ಹೊಗಳಿದೆ. ಈ ವಯಸ್ಸಿನಲ್ಲಿ ಎಷ್ಟು ಗಟ್ಟಿ, ಎಷ್ಟು ಕೆಲಸ ಅಂತೆಲ್ಲ. ಅವಳು ನನ್ನ ಮಾತು ಪೂರ್ತಿ ಕೇಳಿಸಿಕೊಂಡು ತನ್ನ ಎರಡೂ ಮಂಡಿಯ ಮೇಲಿನ ಆಪರೇಷನ್ ಗುರುತು ತೋರಿಸಿ ಏನೋ ಹೇಳಿದಳು.

‘ಏನಂತಾಳೆ?’ ಅಂದೆ.

ಚೈತ್ರ ಹೇಳಿದಳು, ‘ನಾನು ಏಳದೆ ಹೋದ್ರೆ ಅನ್ನ ಬೇಯಿಸೋರು ಯಾರೂ ಇಲ್ಲ, ಅದಕ್ಕೆ ಏಳ್ತೀನಿ ಅಂತಾರೆ. ನಿನ್ನಂಥ ಸೊಸೆ ಇದ್ದಿದ್ರೆ ನಾನೂ ಮಲಗಿರ್ತಿದ್ದೆ, ಖುಷಿಯಾಗಿ ಮಲಗಿರ್ತಿದ್ದೆ ಅಂತಾರೆ.’

ಅವಳ ಬಟ್ಟಲಿಗೆ ಸಾರು ಬಡಿಸಲು ಹೋದೆ. ಈ ಸಲ ಅವಳು ಹೊಡೆಯಲಿಲ್ಲ, ಬಡಿಸಿಕೊಂಡಳು.

ಗೆಣಸಿನ ಹೊಲ

ಎರಡು ದಿನ ಬಿಟ್ಟು ಅತ್ತೆಯೇ ಹೊರಡಿಸಿದರು. ‘ಆ ಸುಂಜಮ್ಮನ ಮನೇಗೆ ಓಗಾನ ನಡೀರಿ.’ ಅಷ್ಟರಲ್ಲಿ ಸುಂಜಾ ಸುಂಜಮ್ಮನಾಗಿದ್ದಳು.

ಸುಂಜಮ್ಮ ಹೊಲದಲ್ಲಿದ್ದಳು, ಸೊಂಟದ ಕೆಳಗೆ ಹಿಂಬದಿಗೆ ಒಂದು ದಪ್ಪ ದುಂಡು ಮೆತ್ತೆ ಕಟ್ಟಿಕೊಂಡಿದ್ದಳು. ಎರಡು ಪಟ್ಟಿಯನ್ನು ತೊಡೆಗೆ ತೂರಿಸಿದರೆ ಮೆತ್ತೆ ಹಿಂದೆಯೇ ನೇತಾಡುತ್ತದೆ. ನಿಂತರೆ ಜೊತೆಗೆ ಬರುತ್ತದೆ, ಕುಕ್ಕರಗಾಲಿನಲ್ಲಿ ಕೂತರೆ ಪೀಠವಾಗುತ್ತದೆ. ಕಳೆ ತೆಗೆಯುವ ಹೆಂಗಸರೆಲ್ಲ ಅಲ್ಲಿ ಹೀಗೆ ಬೆನ್ನ ಹಿಂದೆ ಮಣೆ ಕಟ್ಟಿಕೊಂಡೇ ಓಡಾಡುತ್ತಾರೆ. ಅತ್ತೆ ಅದನ್ನು ನೋಡಿ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡರು. ಆಮೇಲೆ ಗಂಭೀರವಾಗಿ ‘ನಂಗೂ ಒಂದು ಕಟ್ಟು ಅನ್ನು’ ಅಂದರು.

ಸೀರೆಯನ್ನು ಕಚ್ಚೆ ಹಾಕಿ ಅದರ ಮೇಲೆಯೇ ಕಟ್ಟಿಸಿಕೊಂಡರು. ಕೈಗೆ ಬಾಗಿದ ಮೂತಿಯ ಒಂದು ಸಣ್ಣ ಗುದ್ದಲಿ ಬಂತು. ಇಬ್ಬರೂ ಸಾಲಿನಲ್ಲಿ ಕೂತು ಮಣ್ಣು ಬಿಡಿಸಿ ಗೆಣಸು ತೆಗೆಯತೊಡಗಿದರು. ಅತ್ತೆ ಮಣ್ಣನ್ನು ಮೂಸಿ ನೋಡಿದರು. ಅಷ್ಟು ದೂರ ಬಂದು, ಆ ಸಂಜೆಯ ಬಿಸಿಲಿನಲ್ಲಿ, ಅವರ ಮುಖ ನೋಡಿ ನನಗೆ ಬಹಳ ಸಂತೋಷವಾಯಿತು, ಬಹಳ ಸಂಕಟವೂ ಆಯಿತು.

ಬುಟ್ಟಿ ತುಂಬಿತು. ಸುಂಜಮ್ಮ ಎದ್ದಳು. ಅತ್ತೆ ಏಳಲು ಹೋದರು, ಆಗಲಿಲ್ಲ. ನಾನು ಬದು ದಾಟಿ ಓಡಿ ಹೋಗಿ ತೋಳು ಹಿಡಿದೆ.

‘ಬಿಡಮ್ಮಿ ಕೈನ!’

ಇಪ್ಪತ್ತೆಂಟು ವರ್ಷದಲ್ಲಿ ಅತ್ತೆ ನನ್ನ ಮೇಲೆ ದನಿಯೆತ್ತಿದ್ದು ಅದೇ ಮೊದಲು. ನಾನು ಕೈ ಬಿಟ್ಟೆ. ಅವರೂ ಬೆಚ್ಚಿದಂತೆ ಕಂಡರು. ಕೂತಲ್ಲಿಂದಲೇ, ಮಣ್ಣು ನೋಡುತ್ತ, ಮೆಲ್ಲಗೆ ಹೇಳಿದರು.

‘ಅವತ್ತು ಬಚ್ಚಲಲ್ಲಿ ಯಾಕ್ ಬಿದ್ದೆ ಅಂತ ಗೊತ್ತಾ ನಿಂಗೆ?’

‘ಕಾಲು ಜಾರ್ತು ಅಂದ್ರಲ್ಲ ಅತ್ತೆ.’

‘ಸೀರೆ ಒಗೀತಿದ್ದೆ. ಕದ ಆಕ್ಕೊಂಡು, ಸದ್ದಾಗ್ದಂಗೆ ನಲ್ಲಿ ಸಣ್ಣಕ್ ಬಿಟ್ಕೊಂಡು. ಒಂದ್ ಸೀರೆನಾದ್ರೂ ನಾನೇ ಒಗೀಬೇಕು ಅನ್ನಿಸ್ತಿತ್ತು ಕಣಮ್ಮಿ, ಕೈ ಕಾಲು ಅಂಗೇ ಕುಂತ್ಕುಂತ್ಕೊಂಡು ಸಾಯ್ತಾವೆ ಅಂತ. ಯಾರಾನ ನೋಡಿದ್ರೆ ಅತ್ತೆ ಕೈಲಿ ಬಟ್ಟೆ ಒಗಿಸ್ತಾವ್ಳೆ ಅಂತ ನಿನ್ನ ಆಡ್ಕೋತಾರೆ. ಅದುಕ್ಕೇ ಕದ್ದು ಮಾಡ್ತಿದ್ದೆ.’

ನಾನು ಬದುವಿನ ಮೇಲೆ ಕೂತುಬಿಟ್ಟೆ. ನನಗೆ ಕೆಟ್ಟ ಹೆಸರು ಬಾರದಿರಲೆಂದು ಬಾಗಿಲು ಹಾಕಿಕೊಂಡು ಬಿದ್ದವರಿಗೆ ನಾನು ಸರಳಿನ ಮಂಚ ತರಿಸಲು ಹೊರಟಿದ್ದೆ.

‘ನಾನ್ ಕೇಳ್ಬೇಕಿತ್ತು ಅತ್ತೆ,’ ಅಂದೆ. ‘ತಪ್ಪಾಯ್ತು.’

‘ಚೆನ್ನಾಗೇ ನೋಡ್ಕೊಂಡಿದೀಯ. ಒಸಿ ಎಚ್ಚಾಗೋಯ್ತು ಅಷ್ಟೆ.’

ನಮ್ಮಿಬ್ಬರ ಮಾತು ಮುಗಿಯುವವರೆಗೆ ಸುಂಜಮ್ಮ ಕಾದಿದ್ದಳು. ಆಮೇಲೆ ಅತ್ತೆಯ ಎದುರು ತಾನೂ ಮಣ್ಣಿಗಿಳಿದು ತೋರಿಸಿದಳು. ಮೊದಲು ಅಂಬೆಗಾಲು. ಒಂದು ಪಾದ ಮುಂದೆ. ಅದೇ ತೊಡೆಯ ಮೇಲೆ ಎರಡೂ ಕೈ. ಆಮೇಲೆ ತಲೆ ಎತ್ತಿ ಏಳುವುದು. ಅತ್ತೆ ಅಂಬೆಗಾಲಿಗೆ ಬಂದರು. ಪಾದ ಮುಂದಿಟ್ಟರು. ನಡುಗಿದರು, ಮೆತ್ತೆಯ ಮೇಲೆ ಕುಕ್ಕರಿಸಿದರು. ನಾನು ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡು ಒಂದರಿಂದ ಇನ್ನೊಂದನ್ನು ಹಿಡಿದುಕೊಂಡೆ. ಎರಡನೆಯ ಸಲವೂ ಕುಕ್ಕರಿಸಿದರು. ಚೈತ್ರ ಹತ್ತಿರದಲ್ಲೇ ನಿಂತಿದ್ದಳು, ಮುಟ್ಟಲಿಲ್ಲ. ಮೂರನೆಯ ಸಲ, ಎಷ್ಟು ಹೊತ್ತು ಹಿಡಿಯಿತೋ ತಿಳಿಯದು, ಅತ್ತೆ ಮೊದಲು ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ ಎದ್ದು ನಿಂತರು. ಸೀರೆಯೆಲ್ಲ ಕೆಂಪು ಮಣ್ಣು. ಸುಂಜಮ್ಮ ಚಪ್ಪಾಳೆ ತಟ್ಟಿದಳು. ನಾನು ಅತ್ತುಬಿಟ್ಟೆ.

‘ಏ, ಇದ್ಯಾಕಮ್ಮಿ? ಎದ್ದಿದ್ದು ನಾನು,’ ಅಂದರು ಅತ್ತೆ, ಏದುಸಿರು ಬಿಡುತ್ತ.

ಮತ್ತೆ ಮನೆ

ಅಂದೇ ಯಜಮಾನರಿಗೆ ಫೋನು ಮಾಡಿ ಮಂಚ ಬೇಡ, ಆಯಾ ಬೇಡ ಎಂದೆ. ‘ಮತ್ತೆ ಬಿದ್ರೆ?’ ಅಂದರು. ಬಿದ್ದರೂ ಬೀಳಬಹುದು. ಬಚ್ಚಲಿಗೆ ಹಿಡಿಕೆ ಹಾಕಿಸೋಣ, ನೆಲಕ್ಕೆ ಒರಟು ಕಲ್ಲು ಹಾಸೋಣ, ದಿನಾ ನಡೆಸೋಣ ಎಂದೆ. ‘ಜನ ಏನಂತಾರೆ?’ ಅಂದರು. ಆ ಪ್ರಶ್ನೆ ಆಗಲೇ ಸ್ವಲ್ಪ ಸಣ್ಣದಾಗಿ ಕೇಳಿಸಿತು.

ಈಗ ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಅಷ್ಟು ಚಂದವಾಗಿಲ್ಲ. ಅತ್ತೆ ಹೆಚ್ಚಿದ ಹುರುಳಿಕಾಯಿ ಒಂದೊಂದು ಒಂದೊಂದು ಉದ್ದ. ಒಗೆದ ಸೀರೆ ಸರಿಯಾಗಿ ಹಿಂಡಿರುವುದಿಲ್ಲ, ಮಹಡಿಯೆಲ್ಲ ನೀರು. ಒಂದು ಕೆಲಸಕ್ಕೆ ಮೂರರಷ್ಟು ಹೊತ್ತು. ನಾನು ಸ್ಕೂಲಿಗೆ ತಡವಾಗಿ ಬೈಸಿಕೊಂಡಿದ್ದೇನೆ. ಸಿಟ್ಟು ಬರುತ್ತದೆ, ಬಂದಾಗ ಹೇಳುತ್ತೇನೆ, ಅತ್ತೆಯೂ ತಿರುಗಿಸಿ ಹೇಳುತ್ತಾರೆ. ದಿನವೂ ತಿಂಡಿಗೆ ಮುಂಚೆ ಕುರ್ಚಿಯನ್ನು ಗೋಡೆಗೆ ಒರಗಿಸಿ, ಕೈ ಕಟ್ಟಿಕೊಂಡು ಏಳುವ ಅಭ್ಯಾಸ. ದೀಪಾವಳಿ ಹೊತ್ತಿಗೆ ಒಂದು ಸಲ ಎದ್ದರು. ಕಾರ್ತಿಕದ ಕೊನೆಗೆ ಎರಡು. ಚೈತ್ರ ಫೋನಿನಲ್ಲಿ ನೋಡಿ ಕುಣಿದಳು.

ಮೊನ್ನೆ ಭಾನುವಾರ, ಹೇಳದೆ ಕೇಳದೆ, ದಾಸರಹಳ್ಳಿ ಚಿಕ್ಕತ್ತೆ ಬಂದರು. ನಾನು ಸೋಫಾದಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಅತ್ತೆ ‘ಕುಂತ್ಕೊಳೇ, ಕಾಪಿ ತರ್ತೀನಿ’ ಎಂದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದರು.

ಚಿಕ್ಕತ್ತೆ ನನ್ನನ್ನು ನೋಡಿದರು, ಅಡುಗೆಮನೆಯನ್ನು ನೋಡಿದರು.

‘ಏನಮ್ಮಿ ಇದು? ನೀನ್ ಕುಂತಿದೀಯ, ಅವ್ಳು ಕಾಪಿ ಕಾಯಿಸ್ತಾವ್ಳೆ?’

ನಾನು ಪೆನ್ನು ಕೆಳಗಿಟ್ಟೆ. ‘ಹೂಂ ಚಿಕ್ಕತ್ತೆ. ಅವ್ರೇ ಕಾಯಿಸ್ತಾರೆ ಈಗ.’

ಒಳಗೆ ಲೋಟವೊಂದು ಬಿದ್ದ ಸದ್ದಾಯಿತು. ನಾನು ಸೋಫಾದ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಬಹಳ ಹೊತ್ತಿನ ಮೇಲೆ ಅತ್ತೆ ತಟ್ಟೆ ಹಿಡಿದು ಬಂದರು. ಕಾಲು ಭಾಗ ಕಾಫಿ ತಟ್ಟೆಯಲ್ಲೇ ಇತ್ತು. ತಂಗಿಗೊಂದು, ನನಗೊಂದು ಕೊಟ್ಟು, ಚೆಲ್ಲಿದ್ದನ್ನು ಒರೆಸಲು ಬಟ್ಟೆ ತರಲು ಮತ್ತೆ ಒಳಗೆ ಹೋದರು.

ಚಿಕ್ಕತ್ತೆ ಒಂದು ಗುಟುಕು ಕುಡಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ, ಹೆಸರಘಟ್ಟದ ತನಕ ಹೋಗುವ ಸುದ್ದಿಗೂ ಸಿದ್ಧಳಾಗಿ ಕಾದೆ. ಅವರು ಅಕ್ಕ ಹೋದ ಬಾಗಿಲನ್ನೇ ನೋಡುತ್ತಿದ್ದರು.

‘ನಾಕ್ ತಿಂಗ್ಳಾಯ್ತು,’ ಅಂದರು ಕಡೆಗೆ, ದನಿ ತಗ್ಗಿಸಿ. ‘ನಂಗೂ ನೆಲದಿಂದ ಏಳಕ್ಕಾಗ್ತಿಲ್ಲ ಕಣಮ್ಮಿ. ಯಾರ್ ತಾವೂ ಬಾಯ್ಬಿಟ್ಟಿಲ್ಲ. ನನ್ ಸೊಸೆ ಒಂದ್ ಕಡ್ಡಿ ಎತ್ತಕ್ ಬಿಡಲ್ಲ. ನನ್ ಬಾಯಿಗೆ ಎದರ್ಕೊಂಡವ್ಳೆ ಅವ್ಳು. ನಾನೇ ಇದ್ನ ಎಂಗಮ್ಮಿ ಏಳ್ಲಿ ಅವ್ಳಿಗೆ? ಒಂದ್ ಸಲ ನೀನ್ ಬಂದು ಅವ್ಳಿಗೊಂದ್ ಮಾತು ಏಳ್ತೀಯಾ?’